ಚೈನಾಟೌನ್ ಹುಡುಗಿಯ ಕತೆ ಬರೆಯೋಕೆ ಕೂತಿದ್ದೀರಾ?

ಅಮೆರಿಕಕ್ಕೆ ಹೋದವರು ಅಂದ ಕೂಡಲೇ ನಮಗೆ ಸಾಫ್ಟ್‌ವೇರ್ ಕೆಲಸ, ಎರಡು ಕಾರು, ಕನ್ನಡ ಕೂಟದ ಯುಗಾದಿ ನೆನಪಾಗುತ್ತದೆ, ಅಲ್ವಾ? ಹೊಲಿಗೆ ಮಿಷನ್ ಮುಂದೆ ಕೂತವಳ ಮಗಳ ಕತೆ ಬರೆಯಬೇಕಾದರೆ ಮೊದಲು ಅದನ್ನೆಲ್ಲ ಪಕ್ಕಕ್ಕಿಡಿ.

ಜಾಗ, ವರ್ಷ ಗಟ್ಟಿ ಮಾಡಿಕೊಳ್ಳಿ. ನಾನಾದರೆ 1982ರ ನ್ಯೂಯಾರ್ಕ್ ಚೈನಾಟೌನ್, ಅಂದರೆ ಅಲ್ಲಿನ ಚೀನೀಯರ ಕೇರಿ, ಹಿಡಿಯುತ್ತೇನೆ. 1965ರ ವಲಸೆ ಕಾನೂನು ಬಂದ ಮೇಲೆ ಸಂಸಾರ ಸಮೇತ ಬಂದ ಚೀನೀಯರಲ್ಲಿ ಎಷ್ಟೋ ಗಂಡಸರು ಹೋಟೆಲ್ ಅಡುಗೆಮನೆ ಸೇರಿದರು, ಹೆಂಗಸರು ಗಾರ್ಮೆಂಟ್ಸ್. 1982ರ ಜೂನ್‌ನಲ್ಲಿ ಸುಮಾರು 20,000 ಗಾರ್ಮೆಂಟ್ಸ್ ಕೆಲಸಗಾರರು, ಬಹುಪಾಲು ಹೆಂಗಸರೇ, ಕೊಲಂಬಸ್ ಪಾರ್ಕ್‌ನಲ್ಲಿ ಸೇರಿ ಮುಷ್ಕರಕ್ಕಿಳಿದರು. ಆದರೆ ಮುಷ್ಕರದ ವರದಿ ಬರೆಯಬೇಡಿ. ಹನ್ನೆರಡು ವರ್ಷದ ಹುಡುಗಿಗೆ ಅದು, ಮಾಲೀಕರ ಎದುರು ಯಾವತ್ತೂ ದನಿ ಎತ್ತದ ಅಮ್ಮ ಯೂನಿಯನ್ ಟೋಪಿ ಹಾಕಿಕೊಂಡು ಹೊರಟ ದಿನ, ಅಷ್ಟೇ.

ಆಮೇಲೆ ದುಡ್ಡು. ಇಲ್ಲಿ ಜಿಪುಣತನ ಬೇಡ. ಅಲ್ಲಿ ಕೂಲಿ ಪೀಸ್ ಲೆಕ್ಕ, ಎಷ್ಟು ಹೊಲಿದರೆ ಅಷ್ಟು. ಅದಕ್ಕೇ ಶಾಲೆ ಬಿಟ್ಟ ಮಕ್ಕಳು ಸೀದಾ ಫ್ಯಾಕ್ಟರಿಗೆ ಬಂದು ಅಮ್ಮನ ಪಕ್ಕ ನೂಲು ಕತ್ತರಿಸುತ್ತಾ ಕೂರುತ್ತಿದ್ದರು. ಮೊದಲ ಅಧ್ಯಾಯದಲ್ಲಿ ಹುಡುಗಿ ಹೊಸ ಶೂ ಬೇಕು ಅಂತ ಹಟ ಮಾಡಲಿ. ನಾಲ್ಕನೆಯದರಲ್ಲಿ ಅಂಗಡಿ ಗಾಜಿನ ಮುಂದೆ ನಿಂತು, ಆ ಶೂಗೆ ಅಮ್ಮ ಎಷ್ಟು ಕಾಲರ್ ಹೊಲಿಯಬೇಕು ಅಂತ ಮನಸ್ಸಲ್ಲೇ ಭಾಗಿಸಿ, ಏನೂ ಕೇಳದೆ ಮನೆಗೆ ಬರಲಿ. ಅವಳು ದೊಡ್ಡವಳಾದಳು ಅಂತ ನೀವು ಬಾಯಿಬಿಟ್ಟು ಹೇಳಬೇಕಿಲ್ಲ.

ಪೀಣ್ಯದಲ್ಲೋ ಮೈಸೂರು ರಸ್ತೆಯಲ್ಲೋ ಗಾರ್ಮೆಂಟ್ಸ್‌ಗೆ ಹೋಗುವ ಗುರುತಿನವರಿದ್ದರೆ ಮಾತಾಡಿಸಿ. ಇಲ್ಲಿ ಗಂಟೆಗಿಷ್ಟು ಅಂತ ಟಾರ್ಗೆಟ್, ಅಲ್ಲಿ ಪೀಸಿಗಿಷ್ಟು. ಬೆನ್ನುನೋವು ಮಾತ್ರ ಒಂದೇ.

ನಾನು ಎಡವಿದ್ದು ಭಾಷೆಯಲ್ಲಿ. ಮೊದಲ ಸಲ ಬರೆದಾಗ ಅಮ್ಮನಿಗೆ ಹರಕುಮುರುಕು ಕನ್ನಡ ಕೊಟ್ಟುಬಿಟ್ಟಿದ್ದೆ. ತಪ್ಪು! ಮನೆಯಲ್ಲಿ ತನ್ನ ಚೀನೀ ಭಾಷೆ ಕ್ಯಾಂಟನೀಸ್ ಆಡುವಾಗ ಅವಳು ಬಾಯಿ ಜೋರಿರುವ, ಗಾದೆ ಉದುರಿಸುವ ಹೆಂಗಸು. ಮಾತು ತೊದಲುವುದು ಇಂಗ್ಲಿಷ್ ಎದುರು ಮಾತ್ರ. ಮನೆ ಓನರ್ ಕಾಗದ ಬಂದಾಗ ಮಗಳೇ ಓದಿ ಹೇಳಬೇಕು. ಬಾಡಿಗೆ ಜಾಸ್ತಿ ಮಾಡಿದ ಸಾಲಿಗೆ ಬಂದಾಗ ಅವಳು ಒಂದು ಗಳಿಗೆ ತಡೆದು, ಹೀಟರ್ ರಿಪೇರಿ ಮಾಡಿಸ್ತಾರಂತೆ ಅಂದುಬಿಡಲಿ. ಈ ದೃಶ್ಯಕ್ಕೆ ಎರಡು ಪುಟವಾದರೂ ಕೊಡಿ.

ಕೊನೆಗೆ ದೊಡ್ಡ ಕಾಲೇಜಿನ ಸೀಟ್ ಕೊಡಿಸುವ ಆಸೆ ಬರುತ್ತದೆ, ನನಗೂ ಬಂದಿತ್ತು. ಬೇಡ. ಹೀಟರ್ ರಿಪೇರಿಯ ಆ ಸುಳ್ಳು ಅಮ್ಮನಿಗೆ ಗೊತ್ತಾಗುವ, ಬಾಡಿಗೆ ಕೊಡಬೇಕಾದ ತಿಂಗಳ ಮೊದಲನೇ ತಾರೀಕಿಗೇ ಕತೆ ನಿಲ್ಲಿಸಿ.