ಒಂದು ಮನೆಗೆ ಒಂದು ತಾಕು: ದುರ್ಗದ ಗರಸು ಗುಡ್ಡದಲ್ಲಿ ನನ್ನ ಅನುಭವ

ಹೋದ ಭಾನುವಾರ ಬೆಳಿಗ್ಗೆ ಏಳಕ್ಕೆ ನಮ್ಮ ಪ್ರಕೃತಿ ಕೇಂದ್ರದ ಗೇಟಿನ ಹತ್ತಿರ ನಿಂತು ತಲೆ ಎಣಿಸಿದೆ. 41 ಜನ, ಗುಡ್ಡದಲ್ಲಿ ಗಿಡ ಬೆಳೆಸಲು ಬಂದವರು. ಯಾರಿಗೂ ಫೋನ್ ಮಾಡಿರಲಿಲ್ಲ. ಬ್ಯಾನರ್ ಇಲ್ಲ, ಅತಿಥಿಗಳಿಲ್ಲ, ಟಿ-ಶರ್ಟ್ ಹಂಚಿಲ್ಲ. "ದುಡ್ಡು ಕೊಡದೆ ಗುದ್ದಲಿ ಹಿಡಿಯೋರು ಎರಡು ವಾರ ಬರ್ತಾರೆ, ಮೂರನೇ ವಾರ ನೀವೊಬ್ಬರೇ ಇರ್ತೀರಿ" ಅಂತ ನನಗೆ ಹೇಳಿದವರು ಬಹಳ ಜನ. ಅವರಿಗಾಗಿ ಮತ್ತು ನಮ್ಮ ಹಾಗೆ ಊರಿನ ಅಂಚಲ್ಲಿ ಒಂದು ತುಂಡು ಗುಡ್ಡ ಹಿಡಿದುಕೊಂಡು ಒದ್ದಾಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗುಂಡಿಯ ಅಳತೆ, ಮುಚ್ಚಿಗೆ, ಗೊಬ್ಬರ ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಭಾನುವಾರ ರಜಾ. ಕೇಂದ್ರ ಇರುವುದು ಚಿತ್ರದುರ್ಗದಿಂದ ಜೋಗಿಮಟ್ಟಿ ಬೆಟ್ಟದ ಕಡೆ ಹೋಗುವಾಗ, ಕಾಡಿನ ಗಡಿಯ ಹೊರಗೆ. ಸುಮಾರು 11 ಎಕರೆ. ಅರ್ಧ ಬಂಡೆ, ಉಳಿದದ್ದು ಗರಸು, ಅಂದರೆ ಕಲ್ಲುಹರಳಿನ ಮಣ್ಣು. ಬಾರೆ, ಕಾರೆ, ಬಂದರೆ ಪೊದೆಗಳು, ಸೀತಾಫಲ, ಮಧ್ಯೆ ಮಧ್ಯೆ ಲಂಟಾನ. ಒಂದು ಶೆಡ್ಡು, ಒಂದು ಬೋರು. ಬೋರಿನಲ್ಲಿ ಮಾರ್ಚಿಗೆ ನೀರು ನಿಲ್ಲುತ್ತದೆ.

2018ರಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಜುಲೈ ಮೊದಲ ವಾರ ವನಮಹೋತ್ಸವ. 400 ಸಸಿ, 300 ಜನ, ಶಾಮಿಯಾನ, ಮೈಕು. ಜೆಸಿಬಿ ಬಾಡಿಗೆ ಹದಿನಾಲ್ಕು ಸಾವಿರ. ತಿಂಡಿಗೆ ಹನ್ನೆರಡು. ಕಬ್ಬಿಣದ ಟ್ರೀ ಗಾರ್ಡ್ ನೂರಕ್ಕೆ ಅರವತ್ತು ಸಾವಿರದ ಹತ್ತಿರ. ಬೇಸಿಗೆಯಲ್ಲಿ ಟ್ಯಾಂಕರ್ ಲೋಡಿಗೆ 700ರಂತೆ ಸುಮಾರು ನಲವತ್ತು ಲೋಡು. ಎಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ ದಾಟಿತು. ಮಾರ್ಚ್ ಕೊನೆಗೆ ಎಣಿಸಿದರೆ ಜೀವ ಇದ್ದದ್ದು 31 ಗಿಡ. ಒಂದೊಂದು ಗಿಡಕ್ಕೆ ನಾಲ್ಕು ಸಾವಿರ ಬಿತ್ತು. ಗಾರ್ಡುಗಳಲ್ಲಿ ಅರ್ಧ ಗುಜರಿಗೆ ಹೋಗಿದ್ದವು. ಆ ಲೆಕ್ಕ ಬರೆದ ಪುಸ್ತಕ ಇವತ್ತಿಗೂ ಅಂಗಡಿಯ ಗಲ್ಲಾದಲ್ಲೇ ಇದೆ.

ತಪ್ಪು ಎಲ್ಲಾಯಿತು ಅಂತ ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ದುರ್ಗದಲ್ಲಿ ಜೂನ್, ಜುಲೈ, ಆಗಸ್ಟ್ ಗಾಳಿಯ ತಿಂಗಳುಗಳು. ಜೋಗಿಮಟ್ಟಿ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ, ಅಲ್ವಾ? ಮೋಡ ಬರುತ್ತದೆ, ನಾಲ್ಕು ಹನಿ ಬೀಳುತ್ತದೆ, ಗಾಳಿ ಅದನ್ನೂ ಒಣಗಿಸಿಬಿಡುತ್ತದೆ. ನಮ್ಮ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ. ನರ್ಸರಿಯ ನೆರಳಲ್ಲಿ ಬೆಳೆದ ಸಸಿಯನ್ನು ಜುಲೈ ಗಾಳಿಗೆ ಒಡ್ಡಿದರೆ ಅದು ಬೇರು ಬಿಡುವ ಮುಂಚೆಯೇ ಎಲೆ ಉದುರಿಸುತ್ತದೆ. ಮಲೆನಾಡಿನ ದಿನಪಟ್ಟಿ ಇಟ್ಟುಕೊಂಡು ಗರಸಿನಲ್ಲಿ ಗಿಡ ನೆಟ್ಟೆವು.

ಜನರ ಕಡೆಯಿಂದಲೂ ಸೋತೆವು. 2019ರಲ್ಲಿ ವಾಟ್ಸಾಪ್ ಗುಂಪು ಮಾಡಿದೆ. 180 ಜನ ಸೇರಿದರು. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಚಿತ್ರಗಳು. ಭಾನುವಾರ ಬಂದವರು ನಾಲ್ಕು ಜನ. ಆಮೇಲೆ ಕಾಲೇಜು ಹುಡುಗರಿಗೆ ಬಸ್ ಚಾರ್ಜು, ತಿಂಡಿ ಕೊಟ್ಟು ಕರೆದೆ. ತಲೆಗೆ 60 ರೂಪಾಯಿ. ಚೆನ್ನಾಗಿಯೇ ಕೆಲಸ ಮಾಡಿದರು. ಪರೀಕ್ಷೆ ಬಂತು, ನಿಂತರು. ಅವರ ಮೇಲೆ ಸಿಟ್ಟಿಲ್ಲ. ಅವರು ಅಗೆದ ಗುಂಡಿ ಯಾವುದು ಅಂತ ಅವರಿಗೇ ಗೊತ್ತಿರಲಿಲ್ಲ. ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ. ತಿರುಗಿ ಬಂದು ನೋಡಲು ಅವರದ್ದು ಅಂತ ಅಲ್ಲಿ ಏನಿತ್ತು?

ಒಂದು ಸಂಸ್ಥೆಯವರು ತಂತಿ ಬೇಲಿಗೆ ಹಣ ಕೊಡುತ್ತೇವೆ ಅಂದರು. ಅಂದಾಜು ಹಾಕಿಸಿದರೆ ಎರಡು ಲಕ್ಷದ ಎಂಬತ್ತು ಸಾವಿರ. ಓಡಾಡಿದ್ದೇ ಓಡಾಡಿದ್ದು. ಎಂಟು ತಿಂಗಳಾದ ಮೇಲೆ ಆಗಲ್ಲ ಅಂದರು. ಫೈಲಿಗೆ, ಓಡಾಟಕ್ಕೆ ನನ್ನ ಕೈಯಿಂದ ಆರು ಸಾವಿರ ಹೋಯಿತು.

ಕೊರೊನಾ ವರ್ಷ ಅಂಗಡಿ ಮುಚ್ಚಿದ್ದಾಗ ಗುಡ್ಡದಲ್ಲಿ ಒಬ್ಬನೇ ಸುತ್ತುತ್ತಿದ್ದೆ. ಆಗ ಕಂಡಿದ್ದು ಇದು. ನಾವು ನೆಟ್ಟ ಗಿಡ ಸತ್ತಿವೆ. ಯಾರೂ ನೆಡದ ಬೇವು, ತುಗ್ಗಲಿ, ಹೊಂಗೆ ಅಲ್ಲಲ್ಲಿ ಎದ್ದಿವೆ. ಎಲ್ಲಿ? ಬಾರೆ ಪೊದೆಯ ಒಳಗೆ. ಕಾರೆ ಮುಳ್ಳಿನ ನಡುವೆ. ಮುಳ್ಳು ಗಾಳಿ ತಡೆದಿದೆ, ಬಿಸಿಲು ತಡೆದಿದೆ, ಮೇಕೆ ಬಾಯಿಯನ್ನೂ ತಡೆದಿದೆ. ಅದರ ಬುಡದಲ್ಲಿ ಉದುರಿದ ಎಲೆ ಕೊಳೆತು ಒಂದು ಗೇಣು ಕಪ್ಪು ಮಣ್ಣು ಆಗಿದೆ. ನಾವು ಜೆಸಿಬಿ ತಂದು ಮೊದಲು ತೆಗೆಸಿದ್ದೇ ಆ ಪೊದೆಗಳನ್ನು! ಎರಡು ಲಕ್ಷದ ಬೇಲಿಗೆ ಎಂಟು ತಿಂಗಳು ಅಲೆದಿದ್ದೆ, ಬೇಲಿ ಗುಡ್ಡದಲ್ಲೇ ಇತ್ತು.

2021ರ ಬೇಸಿಗೆಯಲ್ಲಿ ಹೊಸದಾಗಿ ಶುರು ಮಾಡಿದೆ. ಇಳಿಜಾರನ್ನು ತಾಕುಗಳಾಗಿ ಒಡೆದೆ. ಮೊದಲು ಮಾಡಿದ ತಾಕು ದೊಡ್ಡದಾಯಿತು, ಐವತ್ತು ಹೆಜ್ಜೆಗೆ ಐವತ್ತು. ನೋಡಿದವರು ಹೆದರಿದರು. ಇಪ್ಪತ್ತು ಹೆಜ್ಜೆಗೆ ಇಳಿಸಿದೆ. ಮೂಲೆಗೆ ಕಲ್ಲು, ಕಲ್ಲಿನ ಮೇಲೆ ಸುಣ್ಣದಲ್ಲಿ ನಂಬರು. ಒಟ್ಟು 34. ತಾಕನ್ನು ಒಬ್ಬ ಮನುಷ್ಯನಿಗೆ ಕೊಡಲಿಲ್ಲ, ಒಂದು ಮನೆಗೆ ಕೊಟ್ಟೆ. ಇದೇ ಮುಖ್ಯ. ಮಗನಿಗೆ ಪರೀಕ್ಷೆ ಇದ್ದರೆ ತಾಯಿ ಬರುತ್ತಾರೆ. ತಾಯಿಗೆ ಮಂಡಿ ನೋವಾದರೆ ಅಜ್ಜ ಬಂದು ನೆರಳಲ್ಲಿ ಕೂತು ಬೀಜ ಬಿಡಿಸುತ್ತಾರೆ. ಮನೆಯಿಂದ ಯಾರೋ ಒಬ್ಬರು ಬಂದೇ ಬರುತ್ತಾರೆ.

ಇನ್ನು ನೀರು. ಕೋಟೆಗೆ ಹೋದವರು ನೋಡಿರುತ್ತೀರಿ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಊರಲ್ಲಿ ಸಂತೆ ಹೊಂಡ. ಮೇಲಿನದು ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ. ನಮ್ಮ ಹಿರಿಯರು ಕಟ್ಟಿದ ಈ ಸಾಲನ್ನೇ ನಾನು ಗುಡ್ಡದಲ್ಲಿ ಸಣ್ಣದಾಗಿ ಮಾಡಿದೆ. ಪ್ರತಿ ತಾಕಿಗೂ ಅರ್ಧಚಂದ್ರದ ಹಾಗೆ ಕಲ್ಲಿನ ಒಡ್ಡು, ಪಕ್ಕದಲ್ಲಿ ಒಂದು ಕೋಡಿ. ಮೇಲಿನ ತಾಕಿನ ಕೋಡಿ ಕೆಳಗಿನ ತಾಕಿಗೆ ಬೀಳಬೇಕು. ಮಟ್ಟ ನೋಡಲು ಗಾರೆ ಕೆಲಸದವರ ಲೆವೆಲ್ ಪೈಪ್ ಸಾಕು. ಮೇಲಿನವರು ಒಡ್ಡು ಕಟ್ಟದಿದ್ದರೆ ಕೆಳಗಿನವರ ಬೀಜ ಕೊಚ್ಚಿಹೋಗುತ್ತದೆ. ಹಾಗಾಗಿ ಕೆಳಗಿನವರು ಮೇಲಿನವರನ್ನು ಬಿಡುವುದಿಲ್ಲ. "ಯಾಕ್ರೀ ಹೋದ ವಾರ ಬರಲಿಲ್ಲ? ನಿಮ್ಮ ಕೋಡಿ ಕಿತ್ತೈತೆ ನೋಡ್ರಿ" ಅಂತ ಅವರೇ ಮನೆಗೆ ಹೋಗಿ ಹೇಳುತ್ತಾರೆ. ನಾನು ಯಾರನ್ನೂ ಕರೆಯಬೇಕಿಲ್ಲ, ಅವರವರ ಕೋಡಿಯೇ ಕರೆಯುತ್ತದೆ. ಯಾವ ಮನೆಯ ಕೆಳಗೆ ಯಾವ ಮನೆಯನ್ನು ಇಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಬರೆದರೆ ನಮ್ಮವರೇ ಓದುತ್ತಾರೆ, ಬೇಡ.

ಬೀಜ ಹಾಕುವುದು ಪೊದೆಯ ಒಳಗೇ. ಬುಡದಿಂದ ಒಂದು ಮೊಳ ಆಚೆ, ಗಾಳಿ ಬರುವ ದಿಕ್ಕಿಗೆ ಬೆನ್ನಾಗಿ. ಒಂದು ಜಾಗಕ್ಕೆ ಮೂರೋ ನಾಲ್ಕೋ ಬೀಜ. ಬೇವಿನ ಬೀಜ ಹಣ್ಣು ಬಿದ್ದ ಎರಡು ವಾರದೊಳಗೆ ಮಣ್ಣು ಸೇರಬೇಕು, ಇಟ್ಟರೆ ಕೆಟ್ಟಿತು. ಹಾಗಾಗಿ ಬೇವು, ಹೊಂಗೆ, ಕಮರ ಇವೆಲ್ಲ ಮೃಗಶಿರ, ಆರಿದ್ರ ಮಳೆಗೆ, ಅಂದರೆ ಜೂನ್‌ನಲ್ಲಿ. ಸಸಿ ನೆಡುವುದಿದ್ದರೆ ಉತ್ತರೆಗೆ, ಅದೂ ಕಡಿಮೆ. ಬಾರೆ, ಕಾರೆ ಮುಟ್ಟುವುದಿಲ್ಲ. ಲಂಟಾನ ಮಾತ್ರ ಬೇರು ಸಮೇತ ಕೀಳುತ್ತೇವೆ.

ನಗದವರೇ ಇಲ್ಲ. ಪಕ್ಕದ ಹಟ್ಟಿಯ ಕುರಿ ಮೇಯಿಸುವ ಅಜ್ಜ ಕೋಲು ಊರಿ ನಿಂತು, "ಈ ಗರಸಿನಾಗೆ ಮುಳ್ಳು ಬಿಟ್ರೆ ಏನು ಹುಟ್ತೈತಪ್ಪಾ?" ಅಂದರು. ಸಸ್ಯಶಾಸ್ತ್ರ ಓದಿದ ಒಬ್ಬರು ಪೊದೆ ಪೂರ್ತಿ ತೆಗೆಯದೆ ಏನೂ ಬರಲ್ಲ ಅಂದರು.

2022ರ ಮಳೆ ನಿಮಗೆ ನೆನಪಿರಬೇಕು. ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿದ್ದ ವರ್ಷ. ಒಂದೇ ರಾತ್ರಿ ನಮ್ಮ ಒಡ್ಡುಗಳಲ್ಲಿ ಹದಿನೆಂಟೋ ಇಪ್ಪತ್ತೋ ಕಿತ್ತುಹೋದವು. ಮುಗಿಯಿತು ಅಂದುಕೊಂಡೆ. ಬೆಳಿಗ್ಗೆ ಹೋದರೆ, ಅವತ್ತು ಬುಧವಾರ, ನಾನು ಹೋಗುವ ಮುಂಚೆಯೇ ಒಂಬತ್ತು ಮನೆಯವರು ಕಲ್ಲು ಹೊರುತ್ತಿದ್ದರು. ರಿಟೈರಾದ ಬಸ್ ಡ್ರೈವರ್ ಒಬ್ಬರು, ಅಂಗನವಾಡಿ ಟೀಚರಮ್ಮ, ಅವರ ಇಬ್ಬರು ಹೆಣ್ಣುಮಕ್ಕಳು, ಹೂವಿನ ಅಂಗಡಿಯವರು. ಶೆಡ್ಡಿನ ಗೋಡೆಗೆ ಒರಗಿ ಸ್ವಲ್ಪ ಹೊತ್ತು ಸುಮ್ನೆ ನಿಂತುಬಿಟ್ಟೆ. ಕೋಡಿಗಳನ್ನು ಅಗಲ ಮಾಡಬೇಕು ಅನ್ನುವುದು ಅವತ್ತೇ ಗೊತ್ತಾಯಿತು. ಮೊದಲು ಒಂದು ಗೇಣು ಇತ್ತು, ಈಗ ಎರಡು ಮೊಳ.

ಮಾರನೇ ವರ್ಷ ಬರಗಾಲ. 2023ರಲ್ಲಿ ರಾಜ್ಯವೇ ಒಣಗಿತ್ತು. ನಾವು ತರಿಸಿದ್ದು ಬರೀ ಹನ್ನೆರಡು ಲೋಡು ಟ್ಯಾಂಕರ್. 2024ರ ಏಪ್ರಿಲ್‌ನಲ್ಲಿ ಎಲ್ಲರೂ ಸೇರಿ ಎಣಿಸಿದೆವು. ಬೀಜ ಹಾಕಿದ ಜಾಗ ಸುಮಾರು 900. ಹಸಿರು ಇದ್ದದ್ದು 310ರ ಆಸುಪಾಸು. ಮೂರಕ್ಕೆ ಒಂದು. ಅದೂ ಬರದಲ್ಲಿ, ಅದೂ ಬೇಲಿ ಇಲ್ಲದೆ. ದುರ್ಗದ ಗರಸಿನಲ್ಲಿ ಇದಕ್ಕಿಂತ ಜಾಸ್ತಿ ತೆಗೆದವರಿದ್ದರೆ ಹೇಳಿ, ನಾನೇ ಹೋಗಿ ಕಲಿಯುತ್ತೇನೆ. ಖರ್ಚು ಈಗ ವರ್ಷಕ್ಕೆ ಇಪ್ಪತ್ತೈದು ಸಾವಿರ. ಸನಿಕೆ, ಗುದ್ದಲಿ, ಕೈಗವಸು, ಸುಣ್ಣ, ಔಷಧಿ ಡಬ್ಬಿ, ಟ್ಯಾಂಕರ್, ಅಷ್ಟೇ.

ತಿಂಡಿ ಅದರಲ್ಲಿ ಸೇರಿಲ್ಲ. ಮೊದಲು ಕೇಂದ್ರದಿಂದಲೇ ಹೋಟೆಲ್ ಇಡ್ಲಿ ತರಿಸುತ್ತಿದ್ದೆ. ತಿಂದು ಹೋಗುತ್ತಿದ್ದರು. ದುಡ್ಡು ಸಾಲದೆ ಅದನ್ನು ನಿಲ್ಲಿಸಿ, ಸರದಿ ಮೇಲೆ ಎರಡು ತಾಕಿನವರು ಮನೆಯಿಂದ ತರಲಿ ಅಂದೆ. ಜನ ಕಡಿಮೆ ಆಗುತ್ತಾರೆ ಅಂತ ಅಂದುಕೊಂಡಿದ್ದೆ, ಜಾಸ್ತಿ ಆದರು. ಒಬ್ಬರ ಮನೆಯ ಒಗ್ಗರಣೆ ಮಂಡಕ್ಕಿ, ಇನ್ನೊಬ್ಬರ ಮೆಣಸಿನಕಾಯಿ ಬಜ್ಜಿ, ಚಳಿಗಾಲದಲ್ಲಿ ಅವರೆಕಾಳು ಉಪ್ಪಿಟ್ಟು. ಎಂಟೂವರೆಗೆ ಕೆಲಸ ನಿಲ್ಲಬೇಕು ಅನ್ನುವುದು ನಿಯಮ. ಆದರೆ ತಿಂಡಿಗೆ ಕೂತ ಮೇಲೆ ಹತ್ತರವರೆಗೆ ಯಾರೂ ಏಳುವುದಿಲ್ಲ. ಎರಡು ಮದುವೆ ಮಾತುಕತೆ ಆ ಹೊತ್ತಿನಲ್ಲೇ ಶುರುವಾದವು. ಒಂದು ಗಟ್ಟಿಯಾಯಿತು.

ಮಧ್ಯೆ ಬೇರೆ ಪ್ರಯೋಗಗಳೂ ಆದವು. ಬೀಜದುಂಡೆ ಮಾಡಿಸಿದೆ. ಶಾಲೆ ಮಕ್ಕಳು ಒಂದೇ ದಿನ ಐದು ಸಾವಿರ ಉಂಡೆ ಕಟ್ಟಿದರು. ಬಂಡೆ ಮೇಲೆ ಬಿದ್ದವು ಇಟ್ಟಿಗೆ ಆದವು, ಉಳಿದವನ್ನು ಇರುವೆ ಒಡೆದವು. ಹತ್ತೋ ಹನ್ನೆರಡೋ ಮೊಳೆತಿರಬೇಕು. ಇನ್ನು ಮಾಡಿಸುವುದಿಲ್ಲ. ಮಡಕೆ ನೀರಾವರಿ ಪರವಾಗಿಲ್ಲ. ಕುಂಬಾರರ ಹತ್ತಿರ 45 ರೂಪಾಯಿಗೆ ಒಂದರಂತೆ 60 ಮಡಕೆ ತಂದು ಗಿಡಗಳ ಪಕ್ಕ ಹೂತೆವು, ತುಂಬಿದ ನೀರು ನಿಧಾನಕ್ಕೆ ಬೇರಿಗೆ ಜಿನುಗುತ್ತದೆ. ಮುಚ್ಚಳ ತೆಗೆದು ಕೋತಿಗಳು ಇಪ್ಪತ್ತು ಒಡೆದವು. ಚಪ್ಪಡಿ ಕಲ್ಲು ಮುಚ್ಚಿದ ಮೇಲೆ ನಿಂತಿತು. ಎರಡನೇ ಬೇಸಿಗೆಗೆ ಮಡಕೆ ನೀರು ಬಿಡುವುದೇ ನಿಂತುಹೋಯಿತು. ನಮ್ಮ ಬೋರಿನ ಗಡಸು ನೀರಿನ ಉಪ್ಪು ರಂಧ್ರ ಮುಚ್ಚಿತ್ತು. ಈಗ ಮಳೆನೀರು ಹಿಡಿದ ಡ್ರಮ್ಮಿನಿಂದ ಮಾತ್ರ ತುಂಬುತ್ತೇವೆ.

ನನಗೆ ಬಹಳ ಖುಷಿ ಕೊಟ್ಟದ್ದು ರೊಪ್ಪದ, ಅಂದರೆ ಕುರಿದೊಡ್ಡಿಯ ಬೀಜ. ಕರಿಜಾಲಿ ಕಾಯಿ ತಿಂದ ಆಡು, ಕುರಿ ರಾತ್ರಿ ಮೆಲುಕು ಹಾಕುವಾಗ ಬೀಜ ಉಗುಳುತ್ತವೆ. ಬೆಳಿಗ್ಗೆ ರೊಪ್ಪದಲ್ಲಿ ಗುಡಿಸಿದರೆ ಸೇರುಗಟ್ಟಲೆ ಬೀಜ. ಹೊಟ್ಟೆಯಲ್ಲಿ ಸಿಪ್ಪೆ ಮೆತ್ತಗಾಗಿರುವುದರಿಂದ ಬೇಗ ಮೊಳೆಯುತ್ತದೆ. ಮಣ್ಣಿಗೆ ಹಾಕುವ ಮುಂಚೆ ಎರಡು ರಾತ್ರಿ ಒಂದು ನೀರಲ್ಲಿ ನೆನೆಸುತ್ತೇವೆ. ಯಾವ ನೀರು ಅಂತ ಇಲ್ಲಿ ಬರೆಯುವುದಿಲ್ಲ, ಭಾನುವಾರ ಬಂದರೆ ತೋರಿಸುತ್ತೇನೆ.

ಆ ಬೀಜ ಕೊಡುವವರು ಅದೇ ಹಟ್ಟಿ ಅಜ್ಜ. ನಾವು ಅವರ ಕುರಿ ಓಡಿಸಲಿಲ್ಲ, ಒಂದು ಮಾತು ಮಾಡಿಕೊಂಡೆವು. ನವೆಂಬರ್‌ನಲ್ಲಿ ಹುಲ್ಲು ಬಲಿತ ಮೇಲೆ ಹಟ್ಟಿಯವರು ಬಂದು ಕೊಯ್ದು ಹೊತ್ತೊಯ್ಯಬಹುದು, ದುಡ್ಡಿಲ್ಲ. ಕುರಿ ಒಳಗೆ ಬಿಡಬಾರದು. ಹುಲ್ಲು ಹೋದರೆ ಬೇಸಿಗೆಯ ಬೆಂಕಿಗೂ ಮೇವು ಇಲ್ಲ. ಮೂರು ವರ್ಷದಲ್ಲಿ ಒಂದೇ ಸಲ ಬೆಂಕಿ ಬಿತ್ತು. ಅವತ್ತು ಮೊದಲು ಹಸಿ ಸೊಪ್ಪು ಹಿಡಿದು ಓಡಿಬಂದವರು ಹಟ್ಟಿ ಹುಡುಗರೇ.

34ರಲ್ಲಿ ಈಗ 29 ತಾಕು ನಡೆಯುತ್ತಿವೆ. ಎರಡು ಮನೆಯವರು ಬೆಂಗಳೂರಿಗೆ ಹೋದರು. ಮೂರು ತಾಕು ಬರೀ ಬಂಡೆ, ಅದು ನಾನು ಹಂಚಿದ್ದೇ ತಪ್ಪು. ಪ್ರತಿ ತಾಕಿಗೂ ಒಂದು ನೋಟ್‌ಬುಕ್ ಇದೆ, ಶೆಡ್ಡಿನ ಟ್ರಂಕಿನಲ್ಲಿ. ಬಂದ ದಿನ, ಮಾಡಿದ ಕೆಲಸ, ಕಂಡದ್ದು ಬರೆಯಬೇಕು. ಡ್ರೈವರ್ ಯಜಮಾನರ ಪುಸ್ತಕದಲ್ಲಿ ಹೋದ ಜನವರಿಯ ಒಂದು ಸಾಲು: "ಬೆಳಿಗ್ಗೆ 6.50. ನಮ್ಮ ಹೊಂಗೆ ಕೆಳಗೆ ನವಿಲು ಮಲಗಿದ್ದ ಗುರುತು." ಮೊಳಕಾಲೆತ್ತರದ ಹೊಂಗೆ ಅದು.

ವರ್ಷಕ್ಕೊಂದು ದಿನ ಕೆಲಸ ಬಿಟ್ಟು ಎಲ್ಲರೂ ಊರ ಪಕ್ಕದ ಚಂದ್ರವಳ್ಳಿಗೆ ನಡೆದು ಹೋಗುತ್ತೇವೆ. ಕದಂಬರ ಮಯೂರಶರ್ಮನ ಶಾಸನ ಅಲ್ಲಿ ಬಂಡೆ ಮೇಲಿದೆ. ಅದರಲ್ಲಿರುವುದು ಕೆರೆಯ ವಿಷಯ. ಮಕ್ಕಳಿಗೆ ಅದನ್ನು ತೋರಿಸಿ, ಆಮೇಲೆ ಕೆರೆ ದಂಡೆಯಲ್ಲಿ ಬುತ್ತಿ ಬಿಚ್ಚುತ್ತೇವೆ.

ಮೊನ್ನೆ ಹಟ್ಟಿ ಅಜ್ಜ ಅಂಗಡಿಗೇ ಬಂದರು. ಮೋಟರ್ ರಿಪೇರಿಗೆ ಅಂದುಕೊಂಡೆ. "ನನ್ನ ಹೆಸರಿಗೂ ಒಂದು ತಾಕು ಬರ್ಕೊಳ್ಳಪ್ಪಾ, ಮೊಮ್ಮಗ ಬತ್ತಾನೆ" ಅಂದರು. ಒಂದು ಷರತ್ತು ಬೇರೆ. ಅವರ ತಾಕಿನಲ್ಲಿ ಬೇವು, ಹೊಂಗೆ ಬೇಡ, ಕುರಿ ತಿನ್ನುವ ಜಾಲಿ, ಬಾರೆ, ತುಗ್ಗಲಿ ಮಾತ್ರ. ಅರ್ಧಕ್ಕೆ ಅರ್ಧ ಹಾಕೋಣ ಅಂತ ನಾನು. ಆಗಲ್ಲ ಅಂತ ಅವರು. ಟೀ ಕುಡಿದು ಹೋದರು. ಮೇಲಿನ ಸಾಲಿನಲ್ಲಿ ಜಾಗ ನೋಡಿ ಕಲ್ಲಿಗೆ 35 ಅಂತ ಬರೆದು ಬಂದಿದ್ದೇನೆ. ಏನು ಬಿತ್ತಬೇಕು ಅನ್ನುವುದು ಮೃಗಶಿರದೊಳಗೆ ತೀರ್ಮಾನ ಆಗಬೇಕು.