ಐದು ಕಿಲೋಮೀಟರ್ ಆಳದ ಕೆಸರು ಎಷ್ಟು ಭಾರ ತಡೆಯುತ್ತದೆ? ಅಳೆಯುವುದು ಹೀಗೆ

2021ರ ಏಪ್ರಿಲ್‌ನಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಮಧ್ಯ ಹಿಂದೂ ಮಹಾಸಾಗರದಲ್ಲಿ ವರಾಹ ಎಂಬ ಯಂತ್ರವನ್ನು ನೀರಿಗಿಳಿಸಿದರು. ಯುದ್ಧದ ಟ್ಯಾಂಕಿಗೆ ಇರುವಂಥ ಪಟ್ಟಿಗಳ ಮೇಲೆ ಅದು 5,270 ಮೀಟರ್ ಆಳದ ತಳದಲ್ಲಿ ಓಡಾಡಿತು. ಆ ಭಾಗದಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ಖನಿಜದ ಗಂಟುಗಳನ್ನು ಹುಡುಕಲು ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ ಭಾರತ 2002ರಲ್ಲೇ ಒಪ್ಪಂದ ಮಾಡಿಕೊಂಡಿದೆ. ಆಲೂಗಡ್ಡೆ ಗಾತ್ರದ ಈ ಗಂಟುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಅದೆಲ್ಲ ಸರಿ. ಆದರೆ ಗಂಟುಗಳು ಕೂತಿರುವುದು ಬಂಡೆಯ ಮೇಲಲ್ಲ, ಕೆಸರಿನ ಮೇಲೆ. ಅಲ್ಲಿನ ಬಹುಭಾಗದಲ್ಲಿ ಸಿಲಿಕಾ ಚಿಪ್ಪಿನ ಸೂಕ್ಷ್ಮಜೀವಿಗಳ ಅವಶೇಷ ಮತ್ತು ಜೇಡಿ ಕೂಡಿದ ಹೂಳಿದೆ. ಅದರಲ್ಲಿ ಒಣ ಕಣಗಳ ತೂಕದ ಮೂರು ನಾಲ್ಕು ಪಟ್ಟು ನೀರೇ ತುಂಬಿರುತ್ತದೆ.

ಇಂಥದರ ಮೇಲೆ ಟನ್‌ಗಟ್ಟಲೆ ತೂಕದ ಯಂತ್ರ ನಿಲ್ಲುತ್ತದೋ, ಮುಳುಗುತ್ತದೋ? ಇಳಿಸಿ ನೋಡೋಣ ಅನ್ನುವ ಹಾಗಿಲ್ಲ. ಮೊದಲು ಕೆಸರಿನ ಬಲ ಅಳೆಯಬೇಕು. ಪೈಪ್‌ಲೈನ್ ಹಾಕುವವರು, ಇಂಟರ್‌ನೆಟ್ ಕೇಬಲ್ ಹೂಳುವವರು, ತೈಲ ವೇದಿಕೆಗೆ ಲಂಗರು ಹಾಕುವವರು, ಎಲ್ಲರಿಗೂ ಇದೇ ಸಂಖ್ಯೆ ಬೇಕು.

ಅಳೆಯುವುದು ಏನನ್ನು?

ಕೆಸರಿನ ಒಂದು ಪದರ ಇನ್ನೊಂದರ ಮೇಲೆ ಜಾರದಂತೆ ಹಿಡಿದಿಡುವ ಶಕ್ತಿಗೆ ಶಿಯರ್ ಬಲ ಎನ್ನುತ್ತಾರೆ. ಅಳತೆ ಕಿಲೋಪ್ಯಾಸ್ಕಲ್‌ನಲ್ಲಿ. ಒಂದು ಕಿಲೋಪ್ಯಾಸ್ಕಲ್ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 10 ಗ್ರಾಂ ತೂಕದ ಒತ್ತಡ, ಅಷ್ಟೇ. ನೆಲದ ಮೇಲೆ ಕಟ್ಟಡ ಕಟ್ಟುವ ಎಂಜಿನಿಯರುಗಳು 12 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಬಲದ ಜೇಡಿಯನ್ನು ‘ಅತಿ ಮೆದು’ ಎಂದು ಬರೆದು ಮುಂದೆ ಹೋಗುತ್ತಾರೆ. ಆಳಸಮುದ್ರದವರ ಕೆಲಸ ಶುರುವಾಗುವುದೇ ಅಲ್ಲಿಂದ ಕೆಳಗೆ. ತಳದ ಮೇಲ್ಪದರದಲ್ಲಿ ಒಂದೆರಡು ಕಿಲೋಪ್ಯಾಸ್ಕಲ್ ಸಿಕ್ಕಿದರೂ ಜಾಸ್ತಿಯೇ.

ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗೆ, ಅಂದರೆ ಉಪ್ಪುನೀರು ನುಗ್ಗುವ ಕೆಸರುಗದ್ದೆಗೆ, ಇಳಿದವರಿಗೆ ಇದರ ಅಂದಾಜು ಕಾಲಿಗೇ ಗೊತ್ತಿರುತ್ತದೆ. 60 ಕಿಲೋ ತೂಕದ ವ್ಯಕ್ತಿ ಒಂದು ಪಾದದ ಮೇಲೆ ನಿಂತರೆ ಒತ್ತಡ ಹತ್ತಿರ ಹತ್ತಿರ 30 ಕಿಲೋಪ್ಯಾಸ್ಕಲ್. ಮೆದು ಜೇಡಿ ತನ್ನ ಶಿಯರ್ ಬಲದ ಐದಾರು ಪಟ್ಟು ಭಾರವನ್ನು ತಡೆಯುತ್ತದೆ. ಕೆಸರಿನ ಬಲ 3 ಇದ್ದರೆ ಅದು ಹೊರುವುದು 15ರಿಂದ 18. ಹಾಗಾಗಿ ಕಾಲು ಹೂತುಹೋಗುತ್ತದೆ. ಈ ‘ಐದಾರು ಪಟ್ಟು’ ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

ಹಂತ 1: ಕೆಸರನ್ನು ಕದಡದೆ ಮೇಲೆ ತನ್ನಿ

ಮೇಲ್ಪದರದ ಅರ್ಧ ಮೀಟರ್ ಸಾಕು ಎನ್ನುವುದಾದರೆ ಬಾಕ್ಸ್ ಕೋರರ್ ಬಳಸಿ. 50 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಉಕ್ಕಿನ ಪೆಟ್ಟಿಗೆ ಇದು. ತನ್ನ ತೂಕದಿಂದಲೇ ಕೆಸರಿಗೆ ಇಳಿಯುತ್ತದೆ. ಮೇಲೆಳೆಯುವಾಗ ಸಲಿಕೆಯಂಥ ತಗಡು ತಿರುಗಿ ಬಂದು ಅಡಿ ಮುಚ್ಚುತ್ತದೆ. ಹಲವು ಮೀಟರ್ ಆಳದ ಕೆಸರು ಬೇಕಾದರೆ ಉದ್ದ ಕೊಳವೆ ಬೇಕು. ಬರೀ ಭಾರದಿಂದ ಇಳಿಯುವ ಗ್ರಾವಿಟಿ ಕೋರರ್ ಒಂದು. ಒಳಗೆ ಪಿಸ್ಟನ್ ಇಟ್ಟು, ಕೆಸರು ಕುಸಿಯದಂತೆ ಹಿಡಿಯುವ ಪಿಸ್ಟನ್ ಕೋರರ್ ಇನ್ನೊಂದು. ಎರಡನೆಯದನ್ನು ರೂಪಿಸಿದವರು ಸ್ವೀಡನ್ನಿನ ಬೋರ್ಯೆ ಕುಲೆನ್‌ಬರ್ಗ್. 1947-48ರ ಆಲ್ಬಟ್ರಾಸ್ ಸಮುದ್ರಯಾನದಲ್ಲಿ ಅದರ ಹೆಸರು ಜಗತ್ತಿಗೆ ಗೊತ್ತಾಯಿತು.

ಐದು ಕಿಲೋಮೀಟರ್ ಆಳಕ್ಕೆ ಸೆಕೆಂಡಿಗೆ ಒಂದು ಮೀಟರ್‌ನಂತೆ ಹಗ್ಗ ಬಿಟ್ಟರೆ ಇಳಿಯಲು ಸುಮಾರು ಒಂದೂವರೆ ಗಂಟೆ, ಹತ್ತಲು ಮತ್ತೆ ಅಷ್ಟೇ. ತಳ ಹತ್ತಿರವಾದಾಗ ವಿಂಚ್, ಅಂದರೆ ಹಗ್ಗ ಬಿಡುವ ರಾಟೆಯಂತ್ರವನ್ನು, ನಿಧಾನ ಮಾಡಲೇಬೇಕು. ಇಲ್ಲವಾದರೆ ಪೆಟ್ಟಿಗೆಯ ಮುಂದೆ ತಳ್ಳಿಕೊಂಡು ಬರುವ ನೀರೇ ಮೇಲಿನ ನಯವಾದ ಪದರವನ್ನು ಊದಿಬಿಡುತ್ತದೆ. ತಳ ಮುಟ್ಟಿದ್ದು ಗೊತ್ತಾಗುವುದು ಹಗ್ಗದ ಎಳೆತ ತೋರಿಸುವ ಮೀಟರಿನಲ್ಲಿ: ಎಳೆತ ಒಮ್ಮೆಲೇ ಇಳಿಯುತ್ತದೆ, ಕಿತ್ತೆತ್ತುವಾಗ ಒಮ್ಮೆ ಜಿಗಿಯುತ್ತದೆ.

ಪೆಟ್ಟಿಗೆ ಡೆಕ್ಕಿಗೆ ಬಂದ ಕೂಡಲೇ ಮುಚ್ಚಳ ತೆಗೆದು ಕೆಸರಿನ ಮೇಲೆ ನಿಂತಿರುವ ನೀರು ನೋಡಿ. ತಿಳಿಯಾಗಿದ್ದರೆ, ಗಂಟುಗಳು ಇದ್ದ ಹಾಗೇ ಕೂತಿದ್ದರೆ, ಮಾದರಿ ಚೆನ್ನಾಗಿದೆ. ನೀರು ರಾಡಿಯಾಗಿದ್ದರೆ, ಕೆಸರು ಒಂದು ಕಡೆ ವಾಲಿದ್ದರೆ, ಅದರಿಂದ ಬಲ ಅಳೆಯಲು ಹೋಗಬೇಡಿ. ರಸಾಯನಶಾಸ್ತ್ರದವರಿಗೆ ಕೊಟ್ಟುಬಿಡಿ, ಅವರಿಗೂ ಅದು ಅಷ್ಟೇನೂ ಇಷ್ಟವಾಗುವುದಿಲ್ಲ ಅನ್ನುವುದು ಬೇರೆ ಮಾತು. ನೀರನ್ನು ಸಣ್ಣ ರಬ್ಬರ್ ಕೊಳವೆಯಿಂದ ನಿಧಾನಕ್ಕೆ ಎಳೆದು ತೆಗೆಯಿರಿ, ಸುರಿಯಬೇಡಿ. ಬಿಸಿಲು ಬೀಳದಂತೆ ನೆರಳು ಮಾಡಿ. ಪಕ್ಕದಲ್ಲಿ ಒಂದೆರಡು ಪ್ಲಾಸ್ಟಿಕ್ ಕೊಳವೆ ಒತ್ತಿ, ಎರಡೂ ತುದಿ ಮುಚ್ಚಿ, ದಡದ ಪ್ರಯೋಗಾಲಯಕ್ಕೆಂದು ನೇರ ನಿಲ್ಲಿಸಿ ಇಡಿ.

ಹಂತ 2: ವೇನ್ ತಿರುಗಿಸಿ

ವೇನ್ ಅಂದರೆ ಸಣ್ಣ ಕಡ್ಡಿಯ ತುದಿಗೆ ಅಡ್ಡಡ್ಡ ಕೂಡಿಸಿದ ನಾಲ್ಕು ತೆಳು ರೆಕ್ಕೆ. ಮೇಲಿಂದ ನೋಡಿದರೆ ಅಧಿಕ ಚಿಹ್ನೆ. ಹಡಗಿನಲ್ಲಿ ಸಾಮಾನ್ಯವಾಗಿ ಬಳಸುವ ಪುಟ್ಟ ವೇನ್‌ನ ಅಗಲ 12.7 ಮಿಲಿಮೀಟರ್, ಎತ್ತರವೂ ಅಷ್ಟೇ.

ಇದನ್ನು ಕೆಸರಿಗೆ ನೇರವಾಗಿ, ಅಲುಗಾಡಿಸದೆ ಒತ್ತಿ. ರೆಕ್ಕೆಯ ಮೇಲಂಚು ಮೇಲ್ಮೈಯಿಂದ ಕನಿಷ್ಠ ಒಂದು ರೆಕ್ಕೆಯಷ್ಟು ಕೆಳಗಿರಲಿ. ಪೆಟ್ಟಿಗೆಯ ಗೋಡೆಯಿಂದ, ಹಿಂದಿನ ತೂತಿನಿಂದ ದೂರವಿರಲಿ. ಕೆಳಗೆ ಗಂಟು ಸಿಕ್ಕಿ ಕಡ್ಡಿ ಕಟಕ್ ಎಂದರೆ ಆ ಜಾಗ ಬಿಟ್ಟುಬಿಡಿ. ಈಗ ಮೋಟರ್ ಹಾಕಿ ನಿಮಿಷಕ್ಕೆ 60ರಿಂದ 90 ಡಿಗ್ರಿಯಂತೆ ತಿರುಗಿಸಿ. ಕೈಯಲ್ಲಿ ತಿರುಗಿಸುವವರೂ ಇದ್ದಾರೆ, ನನಗೆ ಆ ಸಂಖ್ಯೆಗಳ ಮೇಲೆ ನಂಬಿಕೆ ಕಡಿಮೆ. ಜೇಡಿಯಲ್ಲಿ ವೇಗ ಹತ್ತು ಪಟ್ಟಾದರೆ ಬಲ ಸುಮಾರು ಶೇಕಡ 10ರಷ್ಟು ಹೆಚ್ಚು ಕಾಣುತ್ತದೆ. ಕೈಗೆ ಒಂದೇ ವೇಗ ಎಲ್ಲಿ ಬರುತ್ತದೆ?

ತಿರುಚು ಬಲ ಏರುತ್ತಾ ಹೋಗಿ ಒಂದು ಹಂತದಲ್ಲಿ ತಟ್ಟನೆ ಇಳಿಯುತ್ತದೆ. ರೆಕ್ಕೆಗಳ ಸುತ್ತ ಡಬ್ಬಿಯ ಆಕಾರದಲ್ಲಿ ಕೆಸರು ಹರಿದುಕೊಂಡ ಗಳಿಗೆ ಅದು. ಆ ಅತಿ ಹೆಚ್ಚಿನ ಸಂಖ್ಯೆ ಬರೆದುಕೊಳ್ಳಿ. ಅದನ್ನು ರೆಕ್ಕೆಯ ಅಳತೆಯಿಂದ ಬರುವ ಒಂದು ಸ್ಥಿರಾಂಕದಿಂದ ಭಾಗಿಸಿದರೆ ಶಿಯರ್ ಬಲ. ಅಗಲ, ಎತ್ತರ ಒಂದೇ ಇರುವ ವೇನ್‌ಗೆ ಆ ಸ್ಥಿರಾಂಕ ಅಗಲದ ಘನವನ್ನು ಪೈನಿಂದ ಗುಣಿಸಿ, ಅದರ ಮೂರನೇ ಎರಡು ಭಾಗ. ನಮ್ಮ ಪುಟ್ಟ ವೇನ್‌ಗೆ ಸುಮಾರು 4.3 ಘನ ಸೆಂಟಿಮೀಟರ್. 2 ಕಿಲೋಪ್ಯಾಸ್ಕಲ್ ಬಲದ ಕೆಸರಿನಲ್ಲಿ ಮೀಟರ್ ತೋರಿಸುವುದು 8.6 ಮಿಲಿನ್ಯೂಟನ್ ಮೀಟರ್. ಒಂದು ಸೆಂಟಿಮೀಟರ್ ಉದ್ದದ ಹಿಡಿಗೆ 88 ಗ್ರಾಂ ತೂಗುಹಾಕಿದಷ್ಟು! ಇಷ್ಟು ಸಣ್ಣ ಸಂಖ್ಯೆಯಲ್ಲಿ ಕಡ್ಡಿಗೆ ಅಂಟುವ ಕೆಸರಿನ ಘರ್ಷಣೆಯೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ರೆಕ್ಕೆ ಇಲ್ಲದ ಕಡ್ಡಿಯನ್ನೂ ಒಮ್ಮೆ ತಿರುಗಿಸಿ ನೋಡಿ ಕಳೆಯಿರಿ. ಕೆಸರು ತೀರಾ ಮೆದುವಾಗಿದ್ದರೆ 25.4 ಮಿಲಿಮೀಟರ್ ವೇನ್ ಹಾಕಿ. ಅಗಲ ದುಪ್ಪಟ್ಟು, ತಿರುಚು ಬಲ ಎಂಟು ಪಟ್ಟು.

ಹಂತ 3: ಅದೇ ಜಾಗದಲ್ಲಿ ಇನ್ನೊಮ್ಮೆ

ವೇನ್ ತೆಗೆಯಬೇಡಿ. ಐದರಿಂದ ಹತ್ತು ಸುತ್ತು ಜೋರಾಗಿ ತಿರುಗಿಸಿ ಕೆಸರನ್ನು ಚೆನ್ನಾಗಿ ಕಲಸಿ. ಮತ್ತೆ ಮೊದಲಿನ ವೇಗದಲ್ಲೇ ಅಳೆಯಿರಿ. ಈ ಸಲದ ಸಂಖ್ಯೆ ಕಲಸಿದ ಕೆಸರಿನ ಬಲ. ಮೊದಲನೆಯದನ್ನು ಇದರಿಂದ ಭಾಗಿಸಿದರೆ ಬರುವುದು ಸೆನ್ಸಿಟಿವಿಟಿ, ಅಂದರೆ ಕಲಕಿದಾಗ ಕೆಸರು ಎಷ್ಟು ಪಟ್ಟು ಸೋಲುತ್ತದೆ ಎಂಬ ಲೆಕ್ಕ. ನಾಲ್ಕು ಬಂದರೆ ಬಲದ ಮುಕ್ಕಾಲು ಪಾಲು ಹೋಯಿತು ಎಂದರ್ಥ.

ಅವಸರದಲ್ಲಿ ಬಿಟ್ಟುಹೋಗುವ ಹಂತ ಇದು. ಬಿಡಬೇಡಿ. ಸಮುದ್ರದ ತಳದ ಅನಾಹುತಗಳೆಲ್ಲ ಬಹುತೇಕ ಈ ಎರಡನೇ ಸಂಖ್ಯೆಯಲ್ಲೇ ಅಡಗಿರುತ್ತವೆ. ಸುಮಾರು 8,000 ವರ್ಷಗಳ ಹಿಂದೆ ನಾರ್ವೆಯ ಆಚೆ ಸ್ಟೊರೆಗ್ಗಾದಲ್ಲಿ ಸಾವಿರಾರು ಘನ ಕಿಲೋಮೀಟರ್ ಹೂಳು ಜಾರಿ, ಅದರಿಂದ ಎದ್ದ ಸುನಾಮಿ ಸ್ಕಾಟ್ಲೆಂಡಿನ ದಡಕ್ಕೂ ಮರಳು ಹೊತ್ತು ತಂದಿತು. ಆ ಇಳಿಜಾರು ಕಡಿದಾದದ್ದೇನಲ್ಲ, ಹೆಚ್ಚಿನ ಕಡೆ ಒಂದು ಡಿಗ್ರಿ ಆಸುಪಾಸು. ಒಮ್ಮೆ ಹರಿದ ಜೇಡಿ ತನ್ನ ಬಲ ಕಳೆದುಕೊಂಡು ಪಕ್ಕದ್ದನ್ನೂ ಎಳೆದುಕೊಂಡು ಹೋಯಿತು. ಹೂಳು ಜಾರಿಹೋದ ಅದೇ ಜಾಗದಲ್ಲಿ ಓರ್ಮನ್ ಲಾಂಗೆ ಎಂಬ ಅನಿಲ ನಿಕ್ಷೇಪವಿದೆ. 2007ರಲ್ಲಿ ಅಲ್ಲಿಂದ ಅನಿಲ ತೆಗೆಯುವ ಮೊದಲು ಆ ಜೇಡಿಯನ್ನು ವರ್ಷಗಟ್ಟಲೆ ಅಳೆದರು. ಮತ್ತೆ ಜಾರುವುದಿಲ್ಲ ಎಂದು ಖಾತ್ರಿ ಬೇಕಲ್ಲ.

ಹಂತ 4: ಕೋನ್ ಬೀಳಿಸಿ

ವೇನ್ ಅಳತೆ ಸರಿಯೇ ಎಂದು ತಾಳೆ ನೋಡಲು ಫಾಲ್ ಕೋನ್, ಅಂದರೆ ಕೆಸರಿನ ಮೇಲೆ ಬೀಳಿಸುವ ಚೂಪು ಶಂಕು, ಒಳ್ಳೆಯದು. ಸ್ವೀಡನ್ನಿನ ರೈಲ್ವೆಯವರು ತಮ್ಮ ಹಳಿಗಳು ಮೆದು ಜೇಡಿಯ ಮೇಲೆ ಕುಸಿಯುತ್ತಿದ್ದಾಗ ಒಂದು ಆಯೋಗ ಮಾಡಿದ್ದರು. 1914ರಿಂದ 1922ರವರೆಗೆ ನಡೆದ ಆ ಆಯೋಗದಲ್ಲಿ ಜಾನ್ ಓಲ್ಸನ್ ಇದನ್ನು ಕಂಡುಹಿಡಿದರು. ವಿಧಾನ ಬಲು ಸರಳ. ಕೆಸರಿನ ಮೇಲ್ಮೈ ಸಮ ಮಾಡಿ. ಲೋಹದ ಕೋನ್‌ನ ತುದಿ ಅದನ್ನು ಮುಟ್ಟಿಯೂ ಮುಟ್ಟದಂತೆ ಇರಲಿ. ಹಿಡಿತ ಬಿಡಿ. ಐದು ಸೆಕೆಂಡ್ ಬಿಟ್ಟು ಎಷ್ಟು ಇಳಿದಿದೆ ಓದಿ.

ತುದಿ 30 ಡಿಗ್ರಿ, ತೂಕ 100 ಗ್ರಾಂ ಇರುವ ಕೋನ್ 10 ಮಿಲಿಮೀಟರ್ ಇಳಿದರೆ ಬಲ ಸುಮಾರು 8 ಕಿಲೋಪ್ಯಾಸ್ಕಲ್. 60 ಡಿಗ್ರಿಯ 60 ಗ್ರಾಂ ಕೋನ್ ಅಷ್ಟೇ ಇಳಿದರೆ 1.6. ಇಳಿದ ಆಳ ದುಪ್ಪಟ್ಟಾದರೆ ಬಲ ಕಾಲು ಭಾಗ. ಅಂದರೆ ಅರ್ಧ ಮಿಲಿಮೀಟರ್ ತಪ್ಪಾಗಿ ಓದಿದರೂ ಫಲಿತಾಂಶ ಶೇಕಡ 10ರಷ್ಟು ಆಚೀಚೆ ಆಗುತ್ತದೆ. ಅಲೆಗೆ ಓಲಾಡುವ ಹಡಗಿನಲ್ಲಿ ಇದು ಆಗಿಬರುವ ಮಾತಲ್ಲ. ದಡಕ್ಕೆ ಬಂದ ಮೇಲೆ ಕೊಳವೆಯ ಮಾದರಿಗಳ ಮೇಲೆ ಮಾಡಿ.

ಹಂತ 5: ಆಗದಿದ್ದರೆ ತಳದಲ್ಲೇ ಅಳೆಯಿರಿ

ಇಷ್ಟೆಲ್ಲ ಜೋಪಾನ ಮಾಡಿದರೂ ಡೆಕ್ಕಿನ ಮೇಲಿನ ಕೆಸರು ತಳದಲ್ಲಿದ್ದ ಕೆಸರೇ ಅಲ್ಲ. ಐದು ಕಿಲೋಮೀಟರ್ ಆಳದಲ್ಲಿ ವಾತಾವರಣದ 500 ಪಟ್ಟು ಒತ್ತಡವಿದೆ. ಅದು ಕಳಚಿದಾಗ ಕಣಗಳ ನಡುವಿನ ನೀರೇ ಶೇಕಡ 2ರಷ್ಟು ಹಿಗ್ಗುತ್ತದೆ. ಅನಿಲ ಇದ್ದರಂತೂ ಕೇಳಬೇಡಿ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗು ಕೃಷ್ಣಾ-ಗೋದಾವರಿ ಕೊಳ್ಳದಲ್ಲಿ ಮೀಥೇನ್ ಹೈಡ್ರೇಟ್‌ಗಾಗಿ (ಮಂಜುಗಡ್ಡೆಯಂಥ ರೂಪದಲ್ಲಿ ಸೆರೆಯಾದ ಮೀಥೇನ್ ಅನಿಲ) ಕೊರೆದಾಗ, ಮಾಮೂಲಿ ಕೋರರ್‌ಗಳ ಜೊತೆಗೆ ತಳದ ಒತ್ತಡವನ್ನೇ ಒಳಗೆ ಹಿಡಿದಿಡುವ ವಿಶೇಷ ಕೋರರ್‌ಗಳನ್ನೂ ಬಳಸಬೇಕಾಯಿತು. ಮಾಮೂಲಿ ಕೊಳವೆಯಲ್ಲಿ ಅನಿಲ ಉಬ್ಬಿ ಕೆಸರು ಸೀಳುತ್ತದೆ.

ಆದ್ದರಿಂದ ಉಪಕರಣವನ್ನೇ ಕೆಳಗೆ ಕಳಿಸುವುದು ಮೇಲು. ಒಂದು ಭಾರದ ಚೌಕಟ್ಟನ್ನು ತಳದಲ್ಲಿ ಕೂರಿಸಿ, ಅದರಿಂದ ಕಡ್ಡಿಯನ್ನು ಸೆಕೆಂಡಿಗೆ 2 ಸೆಂಟಿಮೀಟರ್‌ನಂತೆ ಕೆಸರಿಗೆ ತಳ್ಳುತ್ತಾರೆ. ಕಡ್ಡಿಯ ತುದಿಗೆ 10 ಚದರ ಸೆಂಟಿಮೀಟರ್ ಮುಖದ ಕೋನ್ ಇರುವುದು ಹಳೆಯ ರೂಢಿ. ಆದರೆ 2 ಕಿಲೋಪ್ಯಾಸ್ಕಲ್ ಕೆಸರಿನಲ್ಲಿ ಕೋನ್‌ಗೆ ಸಿಗುವ ತಡೆ ಎರಡೂವರೆ ಕಿಲೋ ತೂಕದಷ್ಟು ಮಾತ್ರ. ಅದೇ ಕೋನ್ ಮೇಲೆ ಸಮುದ್ರದ ನೀರಿನ ಒತ್ತಡ ಐದು ಟನ್‌ನಷ್ಟು! ಐದು ಟನ್ನಿನಲ್ಲಿ ಎರಡೂವರೆ ಕಿಲೋ ಹುಡುಕಬೇಕು.

ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು 1990ರ ದಶಕದ ಆರಂಭದಲ್ಲಿ ಇದಕ್ಕೆ ಒಂದು ದಾರಿ ಹುಡುಕಿದರು. ಕೋನ್ ತೆಗೆದು ಅಡ್ಡಕ್ಕೆ ಒಂದು ಉರುಟು ಸರಳು ಹಾಕಿದರು: 25 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ದಪ್ಪ. ಹೆಸರು ಟಿ-ಬಾರ್. ಮುಖ ಹತ್ತು ಪಟ್ಟು ದೊಡ್ಡದು, ಹಾಗಾಗಿ ಅದೇ ಕೆಸರಿನಲ್ಲಿ ತಡೆ 21 ಕಿಲೋ. ಅದಕ್ಕಿಂತ ಮುಖ್ಯವಾಗಿ ಕೆಸರು ಸರಳಿನ ಸುತ್ತ ಹರಿದು ಹಿಂದೆ ಬಂದು ಕೂಡಿಕೊಳ್ಳುತ್ತದೆ. ಮೇಲೂ ಕೆಳಗೂ ಒಂದೇ ನೀರಿನ ಒತ್ತಡ ಇರುವುದರಿಂದ ಅದು ಹೆಚ್ಚುಕಡಿಮೆ ತಾನೇ ಹೊಡೆದುಹೋಗುತ್ತದೆ. ಲೆಕ್ಕವೂ ಸುಲಭ: ತಡೆಯ ಒತ್ತಡವನ್ನು 10.5ರಿಂದ ಭಾಗಿಸಿ, ಶಿಯರ್ ಬಲ ಸಿಕ್ಕಿತು. ಒಂದೇ ಆಳದಲ್ಲಿ ಹತ್ತು ಸಲ ಮೇಲೆ ಕೆಳಗೆ ಆಡಿಸಿದರೆ ಕಲಸಿದ ಬಲವೂ ಅಲ್ಲೇ ಸಿಗುತ್ತದೆ.

ಎರಡು ಎಚ್ಚರಿಕೆ. ಮೀಟರಿನ ಸೊನ್ನೆಯನ್ನು ಡೆಕ್ಕಿನಲ್ಲಿ ಅಲ್ಲ, ತಳ ಮುಟ್ಟುವ ಸ್ವಲ್ಪ ಮುಂಚೆ, ಆ ಚಳಿ ಮತ್ತು ಆ ಒತ್ತಡದಲ್ಲೇ ಹೊಂದಿಸಿ. ಚೌಕಟ್ಟು ತಾನೇ ಎಷ್ಟು ಹೂತಿದೆ ಎನ್ನುವುದನ್ನೂ ಕ್ಯಾಮೆರಾದಲ್ಲಿ ನೋಡಿ. ಅದು 20 ಸೆಂಟಿಮೀಟರ್ ಮುಳುಗಿದ್ದರೆ ನಿಮ್ಮ ಆಳದ ಲೆಕ್ಕವೆಲ್ಲ 20 ಸೆಂಟಿಮೀಟರ್ ಸುಳ್ಳು.

ಹಂತ 6: ಸಂಖ್ಯೆ ನಂಬುವ ಹಾಗಿದೆಯೇ?

ಆಳಕ್ಕೆ ಎದುರಾಗಿ ಬಲದ ಗ್ರಾಫ್ ಹಾಕಿ. ಸುಮ್ನೆ ತನ್ನಷ್ಟಕ್ಕೆ ಕೂತು ಗಟ್ಟಿಯಾದ ಜೇಡಿಯಲ್ಲಿ ಶಿಯರ್ ಬಲ, ಮೇಲಿನ ಕೆಸರು ನೀರಿನಲ್ಲಿ ತೂಗುವ ಭಾರದ ಕಾಲು ಭಾಗದ ಆಸುಪಾಸು ಇರುತ್ತದೆ. ಸಾಮಾನ್ಯ ಸಮುದ್ರ ಜೇಡಿಯಲ್ಲಿ ಇದು ಮೀಟರಿಗೆ ಒಂದರಿಂದ ಒಂದೂವರೆ ಕಿಲೋಪ್ಯಾಸ್ಕಲ್ ಏರಿಕೆ. ಮಧ್ಯ ಹಿಂದೂ ಮಹಾಸಾಗರದ ಹಗುರ ಹೂಳಿನಲ್ಲಿ ಈ ಲೆಕ್ಕಕ್ಕೆ ಬರುವುದು ಇನ್ನೂ ಕಡಿಮೆ. ನಿಮ್ಮ ಗೆರೆ ಇದರಿಂದ ಬಹಳ ದೂರ ಹೋದರೆ ಕಾರಣ ಹುಡುಕಿ: ಮಾದರಿ ಕದಡಿತೇ, ಗಂಟು ಸಿಕ್ಕಿತೇ, ಹುಳುಗಳು ಕೊರೆದ ಪದರವೇ? ಮರಳಿನಲ್ಲಿ ಮಾತ್ರ ವೇನ್ ಸಂಖ್ಯೆಯನ್ನು ನಂಬಲೇಬೇಡಿ. ತಿರುಗುವಾಗಲೇ ನೀರು ಓಡಿಹೋಗಿ ಲೆಕ್ಕದ ಬುಡವೇ ಅಲುಗುತ್ತದೆ.

ಇನ್ನು ಯಂತ್ರಕ್ಕೆ ಬರೋಣ. ಬಲ 2 ಕಿಲೋಪ್ಯಾಸ್ಕಲ್ ಎಂದುಕೊಳ್ಳಿ. ಐದು ಪಟ್ಟು ಅಂದರೆ 10, ಅಂದರೆ ಚದರ ಮೀಟರಿಗೆ ಸುಮಾರು ಒಂದು ಟನ್. ನೀರಿನಲ್ಲಿ ಹತ್ತು ಟನ್ ತೂಗುವ ಯಂತ್ರಕ್ಕೆ ಪಟ್ಟಿಗಳ ಅಡಿ ಹತ್ತು ಚದರ ಮೀಟರ್ ಬೇಕು, ಅದೂ ಮುಳುಗುವ ಅಂಚಿನಲ್ಲಿ. ನೆಮ್ಮದಿಗೆ ಅದನ್ನು ಇಪ್ಪತ್ತು ಮಾಡಿ. ಇದು ಕಲಕದ ಕೆಸರಿನ ಮಾತು. ಯಂತ್ರ ಓಡಿದ ದಾರಿಯಲ್ಲೇ ಮತ್ತೆ ಓಡಬೇಕಾದರೆ, ನಿಂತಲ್ಲೇ ತಿರುಗಬೇಕಾದರೆ, ಪಟ್ಟಿಯ ಕೆಳಗಿರುವುದು ಕಲಸಿದ ಕೆಸರು. ಆಗ ಮೂರನೇ ಹಂತದಲ್ಲಿ ಬರೆದುಕೊಂಡ ಎರಡನೇ ಸಂಖ್ಯೆ ಹಾಕಿ ಲೆಕ್ಕ ಮಾಡಿ.