‘ಸ್ವಲ್ಪ’ ಅನ್ನೋ ಮಾತನ್ನು ಪ್ರೆಸ್ಸಿನಿಂದ ಹೊರಗೆ ಹಾಕಿದ್ದು

ಮದುವೆ ಸೀಸನ್ನಿನಲ್ಲಿ ನಮ್ಮ ಪ್ರೆಸ್ಸಿಗೆ ಕಾರ್ಡ್ ಅಚ್ಚು ಮಾಡಿಸೋಕೆ ಬರೋ ಗಿರಾಕಿ ಬಾಯಲ್ಲಿ ಬರೋದು ನಾಲ್ಕೇ ಮಾತು: ಸ್ವಲ್ಪ, ಅರ್ಜೆಂಟ್, ಸಿಂಪಲ್, ಗ್ರ್ಯಾಂಡ್. ನಮ್ಮ ಬಾಯಲ್ಲಿ ಒಂದೇ: ನಾಳೆ. ಐದೂ ಸವೆದ ಅಚ್ಚುಮೊಳೆಗಳು. ಮಸಿ ಹತ್ತುತ್ತೆ, ಅಕ್ಷರ ಮೂಡಲ್ಲ. ಇವನ್ನು ಬಿಡಿಸ್ತೀನಿ ಅಂದಾಗ ಇಲ್ಲೇ ಗದಗಿನ ಹಿರಿಯ ಮುದ್ರಕರೊಬ್ಬರು, ‘ಗಿರಾಕಿ ಓಡಿ ಹೋಗ್ತಾರ ನೋಡಪಾ’ ಅಂದಿದ್ದರು. ಎರಡು ಸೀಸನ್ ಆಯ್ತು, ಯಾರೂ ಓಡಿಲ್ಲ.

ಹಟ ಹಿಡಿಸಿದ್ದು ಒಂದು ಕೆಂಪು ಬಣ್ಣ. ‘ಕೆಂಪು ಸ್ವಲ್ಪ ಗಾಢ ಇರ್ಲಿರಿ’ ಅಂದರು ಮಗಳ ಮದುವೆ ಕಾರ್ಡಿಗೆ ಬಂದ ಯಜಮಾನರೊಬ್ಬರು. ನಾನು ಕುಂಕುಮದ ಕೆಂಪು ಹಿಡಿದೆ. ಅವರ ಕಣ್ಣಲ್ಲಿದ್ದದ್ದು ಇಳಕಲ್ ಸೀರೆಯ ಸೆರಗು. 300 ಜಿಎಸ್‌ಎಂ ತೂಕದ ದಪ್ಪ ಆರ್ಟ್ ಕಾರ್ಡ್, ಸುಮಾರು 800 ಪ್ರತಿ, ಮೇಲೆ ಪ್ಲಾಸ್ಟಿಕ್ ಪದರ ಅಂಟಿಸೋ ಲ್ಯಾಮಿನೇಶನ್ ಕೂಡ ಆದ ಮೇಲೆ ವಾಪಸ್ ಬಂತು. ಪ್ಲೇಟು, ಕಾಗದ, ರಾತ್ರಿ ಪಾಳಿ ಕೂಲಿ ಸೇರಿ 15,000 ರೂಪಾಯಿ ಆಜುಬಾಜು ಹೋಯ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿದ್ದು.

ಮೊದಲು ಗೋಡೆಗೆ ಬೋರ್ಡ್ ಹಾಕಿದೆ, ಈ ಮಾತು ಆಡಬೇಡಿ ಅಂತ. ಯಾರೂ ಓದಲಿಲ್ಲ. ಆಮೇಲೆ ಹುಡುಗರಿಗೆ ಮಾತಿಗೆ 10 ರೂಪಾಯಿ ದಂಡ ಇಟ್ಟೆ. ನಾಲ್ಕು ದಿನ ಪ್ರೆಸ್ಸಿನಲ್ಲಿ ಮಾತೇ ನಿಂತು ಹೋಯ್ತು, ಕೆಲಸವೂ ನಿಧಾನವಾಯ್ತು. ಬಿಟ್ಟೆ.

ಕೊನೆಗೆ ಕೈಹಿಡಿದದ್ದು ಕಟಿಂಗ್ ವೇಸ್ಟು, ಅಂದರೆ ಕಾರ್ಡ್ ಕತ್ತರಿಸಿ ಉಳಿದ ಚೂರುಗಳು. ನಮ್ಮದೇ ಮಷೀನಿನಲ್ಲಿ ಬಂದ ಹನ್ನೆರಡು ಕೆಂಪನ್ನು ರಟ್ಟಿಗೆ ಅಂಟಿಸಿ ನಂಬರ್ ಬರೆದೆ, ಅರ್ಧ ಹೊಳಪಿನ ಗ್ಲಾಸಿ, ಅರ್ಧ ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಶನ್ ಮಾಡಿ. ಮೊಬೈಲ್ ಪರದೆಯಲ್ಲಿ ಬಣ್ಣ ತೋರಿಸೋದನ್ನು ಪೂರ್ತಿ ನಿಲ್ಲಿಸಿದೆ. ಏಳನೇ ಕೆಂಪಿನ ಮಿಶ್ರಣ ಮಾತ್ರ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಮೊದಲ ವರ್ಷ ರಟ್ಟನ್ನು ಕಿಟಕಿ ಪಕ್ಕ ತೂಗುಹಾಕಿ ಬಿಸಿಲಿಗೆ ಬಣ್ಣ ಇಳಿದು, ಅದರಿಂದಲೇ ಒಂದು ಕೆಲಸ ವಾಪಸ್ ಬಂತು. ಈಗ ಕಪಾಟಿನೊಳಗೆ ಇಡ್ತೀನಿ.

‘ಅರ್ಜೆಂಟ್’ ಅಂದವರಿಗೆ ಒಂದೇ ಪ್ರಶ್ನೆ: ಕಾರ್ಡ್ ಹಂಚೋಕೆ ಯಾವತ್ತು ಹೊರಡ್ತೀರಿ? ಹತ್ತರಲ್ಲಿ ಆರು ಮಂದಿಗೆ ವಾರದ ಮೇಲೆ ಸಮಯ ಇರುತ್ತೆ. ನಿಜವಾಗಿ ಅವಸರ ಇದ್ದವರು 20 ಪರ್ಸೆಂಟ್ ಹೆಚ್ಚಿಗೆ ಕೊಟ್ಟು ಮಾಡಿಸ್ತಾರೆ.

‘ನಾಳೆ’ ಮಾತ್ರ ನಮ್ಮದೇ ತಪ್ಪು. 1990ರ ದಶಕದಲ್ಲಿ ದೆವ್ವಕ್ಕೆ ಅಂಜಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಓದಿದ ದೆವ್ವ ಮರುದಿನ ಬಂದರೂ ಅದನ್ನೇ ಓದಬೇಕು. ಗಿರಾಕಿಯನ್ನು ನಾವು ಹಾಗೇ ಅಲೆಸಿದ್ದೇವೆ. ಈಗ ಆರ್ಡರ್ ಬರೆದುಕೊಳ್ಳೋ ಜಾಬ್ ಕಾರ್ಡಿನಲ್ಲಿ ಕೆಲಸ ಕೊಡೋ ದಿನ, ಗಂಟೆ ಬರೆಯದೆ ಅಡ್ವಾನ್ಸ್ ಮುಟ್ಟೋದಿಲ್ಲ.

ಮನೆಯಲ್ಲೂ ಪ್ರಯತ್ನಪಟ್ಟೆ. ಅವ್ವ ‘ಸ್ವಲ್ಪ ಉಪ್ಪು’ ಅಂದಾಗಲೆಲ್ಲ ತಕ್ಕಡಿಯಲ್ಲಿ ತೂಗಿದೆ. ಅದೇ ಸಾರು ಮಾಡಿದ ಮೂರು ದಿನವೂ ಹೆಚ್ಚುಕಡಿಮೆ ಅಷ್ಟೇ ಬಂತು! ಅವಳ ‘ಸ್ವಲ್ಪ’ಕ್ಕೆ ಕೈಯಲ್ಲೇ ಅಳತೆ ಇದೆ, ಆ ಮಾತು ಸವೆದಿಲ್ಲ. ಅಲ್ಲಿ ನಾನು ಕೈಹಾಕಲಿಲ್ಲ.

ಮೊದಲು ಸೀಸನ್ನಿಗೆ ಏಳೆಂಟು ಕೆಲಸ ಮತ್ತೆ ಅಚ್ಚಾಗುತ್ತಿದ್ದವು. ಈ ಸಲ ಒಂದೂ ಇಲ್ಲ. ಹೋದ ತಿಂಗಳು ಆ ಯಜಮಾನರೇ ಎರಡನೇ ಮಗಳ ಕಾರ್ಡಿಗೆ ಫೋನ್ ಮಾಡಿದ್ದರು: ‘ಒಂಬತ್ತನೇ ಕೆಂಪು, ಮ್ಯಾಟ್, ಗುರುವಾರ ನಾಲ್ಕಕ್ಕ ಬರ್ತೀನ್ರಿ.’ ಬಂದರು, ಕಟ್ಟು ತಯಾರಿತ್ತು.